ಉಗಿಬಂಡಿಯೂ ಅಮಲೂ

ಗಾಡಿ ಹೊಡೆಯುವವನು ಕುಡಿದು ಮಲಗಿದರೂ ಎತ್ತುಗಳು ದಾರಿ ಹಿಡಿದು ಮನೆ ಸೇರಿಸಿಯಾವು. ಉಗಿಬಂಡಿಗೆ ಆ ವಿವೇಕವಿಲ್ಲ. ನಡೆಸುವವನ ಎಚ್ಚರವೇ ಅದರ ಎಚ್ಚರ. ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರಿಗೆ ರೈಲುದಾರಿ ತೆರೆದದ್ದು 1830ರಲ್ಲಿ. ಹತ್ತೇ ವರ್ಷಗಳಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ಸತ್ಯವನ್ನು ಕಾಯಿದೆಗೆ ತಂದಿತು.

1840ರ ಆ ಕಾಯಿದೆಯಂತೆ, ಕೆಲಸದಲ್ಲಿರುವಾಗ ಕುಡಿದು ಸಿಕ್ಕಿದವನು ಡ್ರೈವರನಾಗಲಿ, ಗಾರ್ಡನಾಗಲಿ, ಪೋರ್ಟರನಾಗಲಿ, ಅವನನ್ನು ಕಂಪೆನಿಯ ಅಧಿಕಾರಿಯೇ ವಾರಂಟಿಲ್ಲದೆ ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ಶಿಕ್ಷೆ ಹೆಚ್ಚೆಂದರೆ ಎರಡು ತಿಂಗಳ ಸೆರೆ, ಇಲ್ಲವೆ ಹತ್ತು ಪೌಂಡು ಜುಲ್ಮಾನೆ. ಹಿಡಿಯುವವನು ಧಣಿಯ ಕಡೆಯವನು, ಸಿಕ್ಕಿಬೀಳುವವನು ಆಳು.

ನಮ್ಮ ದೇಶದ 1890ರ ರೈಲ್ವೆ ಕಾಯಿದೆಯ 100ನೆಯ ಕಲಮು ಇದನ್ನು ಎರಡು ಮೆಟ್ಟಿಲು ಮಾಡಿತು. ಕರ್ತವ್ಯದ ವೇಳೆ ಅಮಲಿನಲ್ಲಿದ್ದರೆ ಐವತ್ತು ರೂಪಾಯಿವರೆಗೆ ಜುಲ್ಮಾನೆ. ಆ ಕರ್ತವ್ಯ ಕೆಟ್ಟರೆ ಜನರಿಗೆ ಅಪಾಯವಾಗುವ ಸಂಭವವಿದ್ದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ. ಮಾತುಗಳನ್ನು ತೂಗಿ ನೋಡುವುದು ಕನ್ನಡ ಮೇಷ್ಟರ ಚಾಳಿ. ನನ್ನನ್ನು ತಡೆದು ನಿಲ್ಲಿಸಿದ್ದು 'ಸಂಭವ' ಎಂಬ ಮಾತು. ಬಂಡಿ ಉರುಳಬೇಕಾಗಿಲ್ಲ, ಯಾರೂ ಸಾಯಬೇಕಾಗಿಲ್ಲ. ಅಪಾಯದ ಸಾಧ್ಯತೆಯೇ ಅಪರಾಧವನ್ನು ದೊಡ್ಡದು ಮಾಡುತ್ತದೆ. ಹೆಸರರಿಯದ ಡ್ರೈವರನನ್ನು ನಂಬಿ ನಿದ್ದೆಹೋಗುವ ಪ್ರಯಾಣಿಕನಿಗೆ ಕಾನೂನು ಕೊಟ್ಟ ಅಭಯ ಇದು. 1989ರ ಕಾಯಿದೆಯ 172ನೆಯ ಕಲಮಿನಲ್ಲಿ ಐವತ್ತು ರೂಪಾಯಿ ಐನೂರಾಯಿತು. ಒಂದು ವರ್ಷದ ಸೆರೆ ಹಾಗೆಯೇ ಉಳಿಯಿತು.

ಅತ್ತ ಲಂಡನ್ನಿನ ಕ್ಯಾನನ್ ಸ್ಟ್ರೀಟ್ ನಿಲ್ದಾಣದಲ್ಲಿ 1991ರ ಜನವರಿಯಲ್ಲಿ ರೈಲು ತಡೆಗಟ್ಟೆಗೆ ಬಡಿದು ಇಬ್ಬರು ಸತ್ತರು. ಚಾಲಕನ ರಕ್ತದಲ್ಲಿ ಗಾಂಜಾದ ಅಂಶ ಕಂಡುಬಂತು. ಅದೇ ಕಾರಣವೆಂದು ಸಿದ್ಧವಾಗಲಿಲ್ಲ. ಆದರೂ ಹಳೆಯ ಕಾನೂನು ಸಾಲದೆಂಬುದು ಮನದಟ್ಟಾಯಿತು. 1992ರ ಹೊಸ ಕಾಯಿದೆ ಉಸಿರಿನಲ್ಲಿ, ರಕ್ತದಲ್ಲಿ ಇರಬಹುದಾದ ಮದ್ಯಕ್ಕೆ ಮಿತಿ ಹಾಕಿತು. ಅದಕ್ಕಿಂತ ದೊಡ್ಡ ಮಾತೆಂದರೆ, ನೌಕರನು ಅಮಲಿನಲ್ಲಿ ಕೆಲಸ ಮಾಡಿದರೆ ಅದನ್ನು ತಡೆಯಲು ತಕ್ಕ ಎಚ್ಚರ ವಹಿಸದ ರೈಲ್ವೆ ನಿರ್ವಾಹಕರನ್ನೂ ಅಪರಾಧಿಯೆಂದಿತು.

ನಮ್ಮಲ್ಲಿ ಇಂದು ಡ್ರೈವರನು ಕೆಲಸಕ್ಕೆ ಹಾಜರಾಗುವಾಗ ಉಸಿರು ಪರೀಕ್ಷೆಯ ಯಂತ್ರಕ್ಕೆ ಊದಬೇಕು. ಇದು ಒಳ್ಳೆಯದೇ. ಆದರೆ 172ನೆಯ ಕಲಮು ಈಗಲೂ ಹೆಸರಿಸುವುದು ನೌಕರನೊಬ್ಬನನ್ನೇ. ಇಂಗ್ಲೆಂಡಿನಲ್ಲಿ ಕಾನೂನಿನ ಕಣ್ಣು ಇಂಜಿನ್ನಿನಿಂದ ಕಚೇರಿಯವರೆಗೆ ಏರಲು 152 ವರ್ಷ ಹಿಡಿಯಿತು. ಬಂಡಿ ನಡೆಸುವವನ ಹೊಣೆ ದೊಡ್ಡದು, ನಿಜ; ಅವನನ್ನು ಬಂಡಿಗೆ ಹತ್ತಿಸುವವನ ಹೊಣೆಯೂ ಸಣ್ಣದಲ್ಲ.