ನಕ್ಷತ್ರ ಹಿಡಿದೆ, ಮನುಷ್ಯನನ್ನು ಬಿಟ್ಟೆ

ನನ್ನ ಪಕ್ಕ ಕೂತು ಸಿನೆಮಾ ನೋಡೋದು ಅಂದ್ರೆ ಮನೆಯವರಿಗೆಲ್ಲ ಒಂದು ಶಿಕ್ಷೆ. "ಹಿಂದಿನ ಶಾಟ್‌ನಲ್ಲಿ ಲೋಟ ತುಂಬಿತ್ತು, ಈಗ ಖಾಲಿ ಇದೆ ನೋಡು" ಅಂತ ನಾನು ಬಾಯಿ ತೆರೆದ ಕೂಡಲೇ "ರೀ, ಸುಮ್ನೆ ನೋಡ್ತೀರಾ, ಇಲ್ಲಾ ಎದ್ದು ಹೋಗ್ತೀರಾ?" ಎಂಬ ಉತ್ತರ ಬಂದೇ ಬರುತ್ತದೆ. ಈ ಚಟ ಹತ್ತಿಸಿದ್ದು 'ಟೈಟಾನಿಕ್'. ಜೇಮ್ಸ್ ಕ್ಯಾಮರೂನ್ 1997ರಲ್ಲಿ ತೆಗೆದ ಆ ಚಿತ್ರವನ್ನು ಮೊದಲ ಸಲ ನೋಡಿದಾಗ ಕಣ್ಣೀರು ಹಾಕಿದ್ದೆ. ಆಮೇಲೆ ನೋಡಿದ್ದೆಲ್ಲ ಬರೀ ತಪ್ಪು ಹುಡುಕೋದಕ್ಕೆ.

ತಪ್ಪುಗಳೇನೋ ಸಿಕ್ಕವು. ಚಿಕ್ಕವನಿದ್ದಾಗ ಅಪ್ಪನ ಜೊತೆ ವಿಸೋಟಾ ಸರೋವರದ ಹಿಮ ಕೊರೆದು ಮೀನು ಹಿಡಿಯುತ್ತಿದ್ದೆ ಅಂತ ಜ್ಯಾಕ್ ರೋಸ್‌ಗೆ ಹೇಳುತ್ತಾನೆ. ಆದರೆ ವಿಸ್ಕಾನ್ಸಿನ್‌ನ ಆ ಸರೋವರ ಹುಟ್ಟಿದ್ದೇ 1917ರ ಸುಮಾರಿಗೆ, ನದಿಗೆ ಅಣೆಕಟ್ಟು ಕಟ್ಟಿದ ಮೇಲೆ. ಹಡಗು ಮುಳುಗಿದ್ದು 1912ರ ಏಪ್ರಿಲ್ 15ರಂದು, ರಾತ್ರಿ 2.20ಕ್ಕೆ! ಇನ್ನು ರೋಸ್ ತನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದ ಪಿಕಾಸೊನ ಆ ಪ್ರಸಿದ್ಧ ಐವರು ಹೆಂಗಸರ ಚಿತ್ರ. ಹಡಗಿನ ಜೊತೆ ಮುಳುಗಬೇಕಿದ್ದ ಅದು ಇವತ್ತೂ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ.

ಈ ವಿದ್ಯೆಯಲ್ಲಿ ನನ್ನ ಗುರುಗಳೂ ಇದ್ದಾರೆ. ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಅವರ ತಕರಾರು ನಕ್ಷತ್ರಗಳದ್ದು. ರೋಸ್ ನೀರಿನ ಮೇಲೆ ತೇಲುತ್ತಾ ನೋಡುವ ಆಕಾಶ ಆ ರಾತ್ರಿಯ ಆಕಾಶವೇ ಅಲ್ಲ, ಸಾಲದ್ದಕ್ಕೆ ಎಡಗಡೆಯ ನಕ್ಷತ್ರಗಳು ಬಲಗಡೆಯವುಗಳ ಕನ್ನಡಿ ಬಿಂಬ ಅಂತ. 2012ರಲ್ಲಿ ಚಿತ್ರ ತ್ರೀಡಿಯಲ್ಲಿ ಮತ್ತೆ ಬಿಡುಗಡೆಯಾದಾಗ ಕ್ಯಾಮರೂನ್ ಆ ಒಂದು ಶಾಟ್‌ನ ಆಕಾಶವನ್ನು ಬದಲಾಯಿಸಿದ.

ಹಾಗಂತ ಕ್ಯಾಮರೂನ್ ಬೇಕಾಬಿಟ್ಟಿ ಕೆಲಸ ಮಾಡುವವನಲ್ಲ. 1995ರಲ್ಲಿ ಹನ್ನೆರಡು ಸಲ ಸಮುದ್ರದ ತಳಕ್ಕೆ ಇಳಿದು ನಿಜವಾದ ಹಡಗಿನ ಅವಶೇಷವನ್ನು ಚಿತ್ರೀಕರಿಸಿದ. ಮೆಕ್ಸಿಕೋದ ಕಡಲ ತೀರದಲ್ಲಿ ಹೆಚ್ಚುಕಡಿಮೆ ನಿಜದಷ್ಟೇ ದೊಡ್ಡ ಹಡಗು ಕಟ್ಟಿಸಿದ. ಆದರೆ ಪೂರ್ತಿ ಮಾಡಿದ್ದು ಬಲಮಗ್ಗುಲನ್ನು ಮಾತ್ರ. ಸೌತಾಂಪ್ಟನ್ ಬಂದರಿನಲ್ಲಿ ಹಡಗು ನಿಂತಿದ್ದು ಎಡಮಗ್ಗುಲು ದಡಕ್ಕೆ ತಾಗುವಂತೆ! ಅದಕ್ಕೇ ಆ ದೃಶ್ಯದಲ್ಲಿ ಅಕ್ಷರಗಳನ್ನೆಲ್ಲ ಉಲ್ಟಾ ಬರೆಸಿ, ಚಿತ್ರೀಕರಿಸಿ, ಆಮೇಲೆ ಫಿಲ್ಮನ್ನು ಎಡಬಲ ತಿರುಗಿಸಿದರು. ಸರಿಯಾಗಿ ಕಾಣಲಿ ಅಂತ ಇಷ್ಟೊಂದು ಸುಳ್ಳು!

ಎಲ್ಲಾ ಸುಳ್ಳು ಅಂತ ಗೊತ್ತಿದ್ದೂ ನಾನು ಅತ್ತದ್ದು ಯಾಕೆ? ಇಂಗ್ಲಿಷ್ ಕವಿ ಕೋಲ್‌ರಿಜ್ 1817ರಲ್ಲಿ ಇದಕ್ಕೊಂದು ಹೆಸರು ಕೊಟ್ಟ: ಅಪನಂಬಿಕೆಯನ್ನು ನಾವೇ ಇಷ್ಟಪಟ್ಟು ಸ್ವಲ್ಪ ಹೊತ್ತು ಪಕ್ಕಕ್ಕಿಡುವುದು. ಅದಕ್ಕೂ ಎಷ್ಟೋ ಶತಮಾನ ಮೊದಲೇ ಶ್ರೀಶಂಕುಕ 'ಚಿತ್ರತುರಗ ನ್ಯಾಯ' ಹೇಳಿದ್ದ. ಕಾವ್ಯಮೀಮಾಂಸೆ ಓದಿದವರಿಗೆ ನೆನಪಿರಬಹುದು. ಗೋಡೆ ಮೇಲಿನ ಕುದುರೆ ಚಿತ್ರ ನೋಡಿ ನಾವು 'ಇದು ನಿಜವಾದ ಕುದುರೆ' ಅಂತ ಹತ್ತೋಕೂ ಹೋಗಲ್ಲ, 'ಇದು ಸುಳ್ಳು' ಅಂತ ಮುಖ ತಿರುಗಿಸೋದೂ ಇಲ್ಲ. 'ಕುದುರೆ' ಅಂತೀವಿ, ಅಷ್ಟೇ. ರಂಗದ ಮೇಲಿನ ರಾಮನೂ ಹಾಗೆ. ತೆರೆ ಮೇಲಿನ ಜ್ಯಾಕ್ ಕೂಡ ಹಾಗೇ.

ಇಷ್ಟಕ್ಕೇ ಮುಗಿದಿದ್ದರೆ ಹೆಂಡತಿ ಮಾತಿನಂತೆ ಸುಮ್ಮನೆ ನೋಡುತ್ತಿದ್ದೆ. ಆದರೆ ಇತಿಹಾಸದ ಸಿನೆಮಾದಲ್ಲಿ ಒಂದು ತೊಡಕಿದೆ. ಅದರೊಳಗಿನ ಕೆಲವು ಕುದುರೆಗಳು ನಿಜವಾಗಿ ಬದುಕಿದ್ದವು.

ಸಿನೆಮಾದಲ್ಲಿ ಫಸ್ಟ್ ಆಫೀಸರ್ ವಿಲಿಯಂ ಮರ್ಡೋಕ್ ನೆನಪಿದ್ದಾನಾ? ಶ್ರೀಮಂತ ಕ್ಯಾಲ್ ಅವನ ಜೇಬಿಗೆ ನೋಟಿನ ಕಂತೆ ತುರುಕುತ್ತಾನೆ. ಆಮೇಲೆ ದೋಣಿಗೆ ನುಗ್ಗುವ ಜನರ ಮೇಲೆ ಮರ್ಡೋಕ್ ಗುಂಡು ಹಾರಿಸುತ್ತಾನೆ. ಸತ್ತವರನ್ನು ನೋಡಿ, ಒಂದು ಸೆಲ್ಯೂಟ್ ಹೊಡೆದು, ತಾನೂ ಗುಂಡು ಹಾರಿಸಿಕೊಳ್ಳುತ್ತಾನೆ. ಎಂಥಾ ದೃಶ್ಯ! ಇದನ್ನು ನಾನು ಎಷ್ಟೋ ವರ್ಷ ಗೆಳೆಯರಿಗೆ 'ನಡೆದ ಘಟನೆ' ಅಂತಲೇ ಹೇಳಿಕೊಂಡು ಬಂದೆ. ಸರೋವರದ ವಯಸ್ಸು ಹುಡುಕಿದ ನಾನು ಇದನ್ನು ಹುಡುಕಲೇ ಇಲ್ಲ.

ಮರ್ಡೋಕ್ ಸ್ಕಾಟ್ಲೆಂಡಿನ ಡಾಲ್‌ಬೀಟಿ ಎಂಬ ಸಣ್ಣ ಊರಿನವನು. ಸಾಯುವಾಗ 39 ವರ್ಷ. ಹಡಗಿನ ಬಲಮಗ್ಗುಲಿನ ದೋಣಿಗಳನ್ನು ಇಳಿಸುವ ಹೊಣೆ ಅವನದಾಗಿತ್ತು. ಆ ಕಡೆ ಹೆಂಗಸರು ಮಕ್ಕಳು ಸಿಗದಿದ್ದಾಗ ಜಾಗ ಖಾಲಿ ಬಿಡದೆ ಗಂಡಸರನ್ನೂ ಹತ್ತಿಸಿದ. ಅವತ್ತು ಉಳಿದ ಗಂಡಸರಲ್ಲಿ ಅನೇಕರಿಗೆ ಜೀವ ಸಿಕ್ಕಿದ್ದು ಹಾಗೆ. ಯಾರೋ ಒಬ್ಬ ಅಧಿಕಾರಿ ಗುಂಡು ಹಾರಿಸಿಕೊಂಡನೆಂದು ಬದುಕುಳಿದ ಕೆಲವರು ಹೇಳಿದ್ದು ನಿಜ. ಆದರೆ ಅದು ಮರ್ಡೋಕ್ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಬದುಕುಳಿದ ಅಧಿಕಾರಿಗಳು ಅವನ ಹೆಂಡತಿಗೆ ಪತ್ರ ಬರೆದು, ಕೊನೇ ಗಳಿಗೆಯವರೆಗೂ ಆತ ದೋಣಿ ಇಳಿಸುವ ಕೆಲಸದಲ್ಲೇ ಇದ್ದ ಎಂದು ತಿಳಿಸಿದ್ದರು. ಲಂಚದ ಪ್ರಸಂಗವಂತೂ ಪೂರ್ತಿ ಕಲ್ಪನೆ, ಯಾಕಂದ್ರೆ ಕ್ಯಾಲ್ ಎಂಬ ಮನುಷ್ಯನೇ ಇರಲಿಲ್ಲ.

ಊರಿನವರೂ ಮನೆತನದವರೂ ನೊಂದುಕೊಂಡರು. 1998ರ ಏಪ್ರಿಲ್‌ನಲ್ಲಿ ಫಾಕ್ಸ್ ಸಂಸ್ಥೆಯ ಉಪಾಧ್ಯಕ್ಷರು ಡಾಲ್‌ಬೀಟಿಗೇ ಹೋಗಿ ಕ್ಷಮೆ ಕೇಳಿ, ಮರ್ಡೋಕ್ ಹೆಸರಿನ ಬಹುಮಾನಕ್ಕೆಂದು ಅಲ್ಲಿನ ಹೈಸ್ಕೂಲಿಗೆ 5,000 ಪೌಂಡ್ ಕೊಟ್ಟರು. ಆಗ ತಾನು ಚಿತ್ರಕತೆಗಾರನಾಗಿ ಯೋಚಿಸಿದೆನೇ ಹೊರತು ಅವನ ಮನೆಯವರ ಬಗ್ಗೆ ಯೋಚಿಸಲಿಲ್ಲ ಅಂತ ಕ್ಯಾಮರೂನ್ ಕೂಡ ಮುಂದೆ ಒಪ್ಪಿಕೊಂಡ. ಆದರೆ 2012ರಲ್ಲಿ ಬದಲಾದದ್ದು ನಕ್ಷತ್ರ ಮಾತ್ರ. ಮರ್ಡೋಕ್ ಇವತ್ತೂ ತೆರೆಯ ಮೇಲೆ ಗುಂಡು ಹಾರಿಸುತ್ತಲೇ ಇದ್ದಾನೆ.

ಹಾಗಂತ ದಾಖಲೆಯನ್ನೇ ನಂಬಿ, ಸಿನೆಮಾ ಬಿಡಿ ಅನ್ನೋಣವೇ? ಅದೂ ಕಷ್ಟ. ಹಡಗು ಎರಡು ತುಂಡಾಯಿತು ಅಂತ ಬದುಕುಳಿದ ಹಲವರು, ಹದಿನೇಳು ವರ್ಷದ ಜ್ಯಾಕ್ ಥೇಯರ್ ಕೂಡ, ಹೇಳಿದ್ದರು. 1912ರ ಬ್ರಿಟಿಷ್ ವಿಚಾರಣೆ ಅದನ್ನು ಒಪ್ಪಲಿಲ್ಲ, ಇಡಿಯಾಗಿಯೇ ಮುಳುಗಿತು ಅಂದಿತು. 1958ರ 'ಎ ನೈಟ್ ಟು ರಿಮೆಂಬರ್' ಸಿನೆಮಾದಲ್ಲೂ ಹಡಗು ಇಡಿಯಾಗಿಯೇ ಮುಳುಗುತ್ತದೆ. 1985ರಲ್ಲಿ ಅವಶೇಷ ಸಿಕ್ಕಾಗ ನೋಡಿದರೆ ಎರಡು ತುಂಡು! ಆ ಹುಡುಗ ಕಂಡದ್ದೇ ನಿಜ. ಕ್ಯಾಮರೂನ್‌ನ ಹಡಗು ಮುರಿದದ್ದನ್ನು ನೋಡಿದ ನಮಗೆ ಆ ಮಟ್ಟಿಗೆ ಸಿನೆಮಾ ಸತ್ಯವನ್ನೇ ಹೇಳಿತು.

ಈಗ ನನ್ನ ಚಟ ಸ್ವಲ್ಪ ಬದಲಾಗಿದೆ. ಲೋಟ, ಗಡಿಯಾರ, ಸರೋವರ ಏನು ಬೇಕಾದರೂ ತಪ್ಪಿರಲಿ, ಬಾಯಿ ಮುಚ್ಚಿಕೊಂಡು ನೋಡುತ್ತೇನೆ. ಅಪನಂಬಿಕೆಯನ್ನು ಚಪ್ಪಲಿಯ ಹಾಗೆ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗೋದು ಸರಿ. ಆದರೆ ಹೊರಗೆ ಬರುವಾಗ ನೆನಪಿಟ್ಟು ಮತ್ತೆ ಹಾಕಿಕೊಳ್ಳಬೇಕು. ನಿಜವಾಗಿ ಬದುಕಿದ್ದವನ ಹೆಸರಿಟ್ಟುಕೊಂಡು ತೆರೆಯ ಮೇಲೆ ಯಾರಾದರೂ ತಪ್ಪು ಮಾಡಿದರೆ, ಮನೆಗೆ ಬಂದು ಒಂದು ಸಲ ಹುಡುಕಿ ನೋಡುತ್ತೇನೆ.

ಹೆಂಡತಿಗೆ ಇದನ್ನೆಲ್ಲ ಹೇಳಿದೆ. "ಪಾಪ ಆ ಮನುಷ್ಯ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಸಿನೆಮಾ ಮುಗಿದ ಮೇಲೇ ಹೇಳಿದ್ರಲ್ಲ, ಅದು ಒಳ್ಳೇದಾಯ್ತು" ಅಂತಲೂ ಸೇರಿಸಿದಳು :)