ಗೊಮ್ಮಟನ ಹಾಲಿಗೆ ಹಾಗ ಬಡ್ಡಿ

ನಮ್ಮಜ್ಜಿ ಯಾರಿಗಾದರೂ ಕೈಸಾಲ ಕೊಟ್ಟರೆ ಬಡ್ಡಿ ಮುಟ್ಟುತ್ತಿರಲಿಲ್ಲ. "ಬಡ್ಡಿ ದುಡ್ಡು ಮನೆಗೆ ಆಗಿಬರಲ್ಲ" ಅನ್ನೋರು. ಆದರೆ ಊರ ದೇವಸ್ಥಾನದ ಠೇವಣಿಯ ಬಡ್ಡಿಯಿಂದ ಕಾರ್ತಿಕದ ದೀಪ ಹಚ್ಚುವುದಕ್ಕೆ ಅವರ ತಕರಾರಿರಲಿಲ್ಲ. ಈ ಎರಡು ನಿಲುವು ಎಷ್ಟು ಹಳೆಯವು ಅನ್ನೋದು ನನಗೆ ತಿಳಿದದ್ದು ಶ್ರವಣಬೆಳಗೊಳದ ಶಾಸನಗಳನ್ನು ಓದುವಾಗ.

ಮೊದಲು ಶಾಸ್ತ್ರದ ಮಾತು. ಬಡ್ಡಿ ವ್ಯವಹಾರದವನನ್ನು ಸಂಸ್ಕೃತದಲ್ಲಿ 'ವಾರ್ಧುಷಿಕ' ಅಂತಾರೆ. ಅವನ ಮನೆಯ ಅನ್ನ ವರ್ಜ್ಯ ಅಂತ ಮನುಸ್ಮೃತಿ ಹೇಳುತ್ತದೆ. ಬೌಧಾಯನ ಧರ್ಮಸೂತ್ರವಂತೂ ಬಡ್ಡಿಯನ್ನೂ ಬ್ರಹ್ಮಹತ್ಯೆಯನ್ನೂ ತಕ್ಕಡಿಯಲ್ಲಿಟ್ಟು, ಬಡ್ಡಿಯ ಪಾಪವೇ ಹೆಚ್ಚು ತೂಗಿತು ಅನ್ನುತ್ತದೆ. ಅದೇ ಮನುವೇ ಬಡ್ಡಿಯ ದರವನ್ನೂ ಕೊಡುತ್ತಾನೆ: ಅಡವು ಇದ್ದರೆ ತಿಂಗಳಿಗೆ ಅಸಲಿನ 80ನೇ ಒಂದು ಭಾಗ, ಅಂದರೆ ನೂರಕ್ಕೆ ಒಂದೂಕಾಲು. ಅಡವು ಇಲ್ಲದಿದ್ದರೆ ಸಾಲಗಾರನ ವರ್ಣ ನೋಡಿ ನೂರಕ್ಕೆ 2, 3, 4, 5. ಬ್ರಾಹ್ಮಣನಿಗೆ 2, ಶೂದ್ರನಿಗೆ 5! ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಇದೇ ಲೆಕ್ಕ. ಅದಕ್ಕೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದವನು. ಬ್ರಾಹ್ಮಣ, ಕ್ಷತ್ರಿಯರು ಬಡ್ಡಿಗೆ ಕೊಡಬಾರದು ಅಂದ ಮನು, ಧರ್ಮಕಾರ್ಯಕ್ಕಾದರೆ ಅಲ್ಪ ಬಡ್ಡಿಗೆ ಕೊಡಬಹುದು ಅಂತ ಒಂದು ಕಿಂಡಿಯನ್ನೂ ಬಿಟ್ಟಿದ್ದಾನೆ.

ಶಾಸನಗಳಲ್ಲಿ ಕಾಣುವುದು ಈ ಧರ್ಮಕಾರ್ಯದ ಬಡ್ಡಿಯೇ. ನಾಸಿಕದ 10ನೇ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತನ ಪ್ರಾಕೃತ ಶಾಸನವಿದೆ. ಆತ ಬೌದ್ಧ ಸಂಘಕ್ಕಾಗಿ ಗೋವರ್ಧನದ ನೇಕಾರರ ಶ್ರೇಣಿಯಲ್ಲಿ 2000 ಕಾರ್ಷಾಪಣ ಇಟ್ಟ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು. ವರ್ಷಕ್ಕೆ 240 ಆಯಿತು. ಮಳೆಗಾಲದಲ್ಲಿ ಅಲ್ಲಿ ತಂಗುವ 20 ಭಿಕ್ಷುಗಳಿಗೆ ಚೀವರಕ್ಕೆ ತಲಾ 12. ಗುಣಿಸಿ ನೋಡಿ, ಸರಿಯಾಗಿ 240! ಅಸಲನ್ನು ಹಿಂದಿರುಗಿಸುವಂತಿಲ್ಲ, ಬಡ್ಡಿಯನ್ನಷ್ಟೇ ಉಣ್ಣಬೇಕು ಅಂತ ಸ್ಪಷ್ಟವಾಗಿ ಬರೆಸಿದ್ದಾನೆ. ಅಲ್ಲಿ ಬಡ್ಡಿಗೆ ಬಳಸಿದ ಪದ 'ವಢಿ'. ಸಂಸ್ಕೃತದ ವೃದ್ಧಿ, ಪ್ರಾಕೃತದ ವಢಿ, ನಮ್ಮ ಬಡ್ಡಿ, ಮೂರೂ ಒಂದೇ ಬಳ್ಳಿಯವು.

ಇನ್ನು ಬೆಳಗೊಳಕ್ಕೆ ಬರೋಣ. 13ನೇ ಶತಮಾನದ ಉತ್ತರಾರ್ಧದಲ್ಲಿ ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಭಕ್ತರು ಗದ್ಯಾಣಗಳನ್ನು ಅಕ್ಷಯಭಂಡಾರಕ್ಕೆ ಕೊಟ್ಟರು. ಒಂದು ದತ್ತಿ 4 ಗದ್ಯಾಣದ್ದು. ಹೊನ್ನಿಗೆ ತಿಂಗಳಿಗೆ ಒಂದು ಹಾಗ ಬಡ್ಡಿ. ಅದರಿಂದ ದಿನಕ್ಕೊಂದು ಬಳ್ಳ ಹಾಲು. 10 ಪಣಕ್ಕೆ ಒಂದು ಗದ್ಯಾಣ, 4 ಹಾಗಕ್ಕೆ ಒಂದು ಪಣ ಅನ್ನುವ ಲೆಕ್ಕ ಹಿಡಿದರೆ ಹಾಗ ಅಂದರೆ ಗದ್ಯಾಣದ 40ನೇ ಒಂದು ಭಾಗ. ತಿಂಗಳಿಗೆ ನೂರಕ್ಕೆ ಎರಡೂವರೆ, ವರ್ಷಕ್ಕೆ 30!

ಇದು ಅಲ್ಪ ಬಡ್ಡಿಯೇ? ಜೈನ ಬಸದಿಗೆ ಮನು ಪ್ರಮಾಣವಲ್ಲ, ನಿಜ. ಹೋಲಿಸಿ ನೋಡುವುದಾದರೆ, ಸ್ಮೃತಿ ಹೇಳುವ ಅಡವಿನ ದರಕ್ಕೆ ಇದು ಎರಡರಷ್ಟು, ಶೂದ್ರನ ದರಕ್ಕೆ ಅರ್ಧ. ಹಾಗಾಗಿ ಇದನ್ನು ಸುಲಿಗೆ ಅಂತ ಒಮ್ಮೆಲೇ ತೀರ್ಪು ಕೊಡಲು ನಾನು ಸಿದ್ಧನಿಲ್ಲ.

ನನಗೆ ಅರ್ಥವಾಗಿರುವುದು ಇಷ್ಟು. ನಮ್ಮ ಹಿಂದಿನವರಿಗೆ ಪಾಪ ಅನ್ನಿಸಿದ್ದು ಬಡ್ಡಿ ತಿಂದು ತಾನು ಬೆಳೆಯುವ ಮನುಷ್ಯ. ಅದೇ ಬಡ್ಡಿ ದೇವರ ಹಾಲಿಗೋ ಭಿಕ್ಷುವಿನ ಬಟ್ಟೆಗೋ ಹೋದರೆ ಪುಣ್ಯ. ಅಲ್ಲಿ ಪಾಪ ಅನ್ನಿಸಿಕೊಳ್ಳುವುದು ಅಸಲನ್ನು ನುಂಗಿದರೆ, ದತ್ತಿಗೆ ಅಳುಪಿದರೆ ಮಾತ್ರ.

ಆದರೂ ಒಂದು ಪ್ರಶ್ನೆ ಕಾಡುತ್ತಲೇ ಇದೆ. ಸೂರ್ಯಚಂದ್ರರಿರುವವರೆಗೆ ಹಾಲು ಸಲ್ಲಬೇಕಾದರೆ ಅಲ್ಲಿಯವರೆಗೂ ಯಾರಾದರೂ ಆ ಬಡ್ಡಿ ಕಟ್ಟುತ್ತಲೇ ಇರಬೇಕಲ್ವಾ? ಕೊಟ್ಟವರ ಹೆಸರು ಕಲ್ಲಿನಲ್ಲಿದೆ. ತಿಂಗಳು ತಿಂಗಳು ಹಾಗ ಹೊಂದಿಸುತ್ತಿದ್ದ ಆ ಸಾಲಗಾರನ ಹೆಸರಿಲ್ಲ. ಬಡ್ಡಿ ಯಾರಿಗೆ ಸೇರುತ್ತದೆ ಅಂತ ಶಾಸ್ತ್ರವೂ ಕೇಳಿತು, ಶಾಸನವೂ ಕೇಳಿತು. ಯಾರಿಂದ ಬರುತ್ತದೆ ಅಂತ ಕೇಳಿದ್ದು ನಮ್ಮಜ್ಜಿಯಂಥವರೇ ಇರಬೇಕು.

ನಿಮ್ಮೂರಿನ ದತ್ತಿ ಶಾಸನದಲ್ಲಿ 'ಬಡ್ಡಿ' ಅನ್ನುವ ಪದ ಸಿಕ್ಕರೆ ದರವನ್ನೊಮ್ಮೆ ಲೆಕ್ಕ ಹಾಕಿ ನೋಡಿ.