ಅಂತರ್ಜಾಲ ಮಳಿಗೆಯ ಖರೀದಿ ಬುಟ್ಟಿ

ಅಂತರ್ಜಾಲದ ಮಳಿಗೆಯಲ್ಲಿ ಗ್ರಾಹಕನು ಆರಿಸಿದ ವಸ್ತುಗಳನ್ನು ಹಣ ಸಲ್ಲುವವರೆಗೆ ಒಂದೆಡೆ ಕಾದಿರಿಸಿ, ಅವುಗಳ ಬೆಲೆ, ತೆರಿಗೆ, ಸಾಗಾಟದ ವೆಚ್ಚಗಳನ್ನು ಕೂಡಿಸಿ ತೋರಿಸತಕ್ಕ ಪುಟಕ್ಕೆ ಖರೀದಿ ಬುಟ್ಟಿಯೆಂದು ಹೆಸರು. ಬಳಕೆಯ ಮಾತಿನಲ್ಲಿ ‘ಕಾರ್ಟ್’. ಸಿಲ್ವಾನ್ ಗೋಲ್ಡ್‌ಮನ್ ಎಂಬ ವರ್ತಕನು 1937ರಲ್ಲಿ ಅಮೆರಿಕದ ಒಕ್ಲಹೋಮ ನಗರದ ತನ್ನ ಅಂಗಡಿಗಳಲ್ಲಿ ಬಳಕೆಗೆ ತಂದ ಗಾಲಿಬುಟ್ಟಿಯೇ ಇದರ ಪೂರ್ವರೂಪ. ಆದರೆ ಗಾಲಿಬುಟ್ಟಿಗಿಲ್ಲದ ತೊಡಕೊಂದು ಇದಕ್ಕುಂಟು: ಪುಟದಿಂದ ಪುಟಕ್ಕೆ ಸಂಚರಿಸುವ ಗ್ರಾಹಕನನ್ನು ವೆಬ್ ತಾನಾಗಿ ಸ್ಮರಣೆಯಲ್ಲಿ ಇಟ್ಟುಕೊಳ್ಳುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ರೂಪಿಸಿದ ‘ಕುಕಿ’ಯು ಗ್ರಾಹಕನ ಯಂತ್ರದಲ್ಲಿಯೇ ಸಣ್ಣ ಗುರುತೊಂದನ್ನು ಉಳಿಸಿ ಈ ಮರೆವನ್ನು ನೀಗಿತು.

ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕದ ಮಳಿಗೆಯಾಗಿ ಆರಂಭವಾದ ಫ್ಲಿಪ್‌ಕಾರ್ಟ್, ವಸ್ತು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು 2010ರಲ್ಲಿ ತಂದು, ಕಾರ್ಡಿಲ್ಲದವರೂ ಕಾರ್ಡಿದ್ದು ನಂಬಿಕೆಯಿಲ್ಲದವರೂ ಬುಟ್ಟಿಯ ಕೊನೆಯ ಮೆಟ್ಟಿಲನ್ನು ದಾಟುವಂತೆ ಮಾಡಿತು. 2020ರಲ್ಲಿ ಅದೂ ಅಮೆಜಾನೂ ಕನ್ನಡದಲ್ಲಿ ದೊರೆತವು. ಗುಂಡಿಗಳ ಮೇಲಿನ ಅಕ್ಷರಗಳು ಕನ್ನಡವಾದುದು ಸಂತೋಷವೇ ಸರಿ. ಆದರೆ ನಮೂನೆಯ ಒಳಗಿನ ಕಲ್ಪನೆ ಇನ್ನೂ ನಗರದ್ದೇ.

ಇದನ್ನು ಕಾಣಬೇಕಾದರೆ ಸುಳ್ಯ ತಾಲೂಕಿನ ಮರ್ಕಂಜದಂಥ ಗ್ರಾಮವನ್ನು ನೋಡಬೇಕು. ಅಲ್ಲಿ ಮನೆಗಳು ಬೀದಿಯ ಇಕ್ಕೆಲಗಳಲ್ಲಿ ಸಾಲುಗೂಡಿ ನಿಂತವಲ್ಲ. ಗುಡ್ಡದ ಮಗ್ಗುಲಲ್ಲಿ, ಅಡಕೆ ತೋಟದ ತಲೆಯಲ್ಲಿ, ಒಂದಕ್ಕೊಂದು ದೂರವಾಗಿ ಇರುವಂಥವು. ವಿಳಾಸವೆಂದರೆ ಮನೆಯ ಹೆಸರು, ಗ್ರಾಮ, ಅಂಚೆ, ತಾಲೂಕು; ಅಷ್ಟರಿಂದ ಅಂಚೆಯವನಿಗೆ ಸಾಕಾಗುತ್ತದೆ. ಬುಟ್ಟಿಯ ನಮೂನೆಯಾದರೋ ಫ್ಲ್ಯಾಟಿನ ಸಂಖ್ಯೆಯನ್ನೂ ರಸ್ತೆಯ ಹೆಸರನ್ನೂ ಕಡ್ಡಾಯವಾಗಿ ಕೇಳುತ್ತದೆ, ಬರೆಯದಿದ್ದರೆ ಕೆಂಪು ಗೆರೆ ಎಳೆಯುತ್ತದೆ. ಗ್ರಾಹಕನು ಬೇರೆ ದಾರಿ ಕಾಣದೆ ಆ ಚೌಕದಲ್ಲೊಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತಾನೆ. ಚುಕ್ಕೆಯ ವಿಳಾಸ ಹಿಡಿದು ಬಂದ ಹುಡುಗನು ಪೇಟೆಯಲ್ಲಿ ನಿಂತು ಫೋನು ಮಾಡುತ್ತಾನೆ. ಮನೆಯ ಹೆಸರಿಗೊಂದು ಚೌಕ, ‘ಭಜನಾ ಮಂದಿರದ ಹತ್ತಿರ’ ಎಂಬಂಥ ಗುರುತಿಗೊಂದು ಚೌಕ, ದೂರವಾಣಿ ಸಂಖ್ಯೆ: ಇಷ್ಟಿದ್ದರೆ ಉಳಿದುದನ್ನು ಪಿನ್ ತುಂಬಿಕೊಡಬಲ್ಲದು. 1972ರಿಂದ ಜಾರಿಯಲ್ಲಿರುವ ಈ ಆರಂಕಿಯ ಸಂಕೇತದಿಂದ ಜಿಲ್ಲೆ, ರಾಜ್ಯಗಳು ತಾವಾಗಿ ತಿಳಿಯುತ್ತವೆ. ಒಂದೇ ಪಿನ್ನಿಗೆ ಹಲವು ಗ್ರಾಮಗಳು ಸೇರಿರಬಹುದಾದ್ದರಿಂದ ಗ್ರಾಮವನ್ನು ಆರಿಸುವ ಅವಕಾಶ ಮಾತ್ರ ಇರತಕ್ಕದ್ದು. ಸಾಗಾಟವುಂಟೇ, ಅದಕ್ಕೆಷ್ಟು ಎಂಬುದನ್ನು ವಸ್ತುವಿನ ಪುಟದಲ್ಲಿಯೇ ಪಿನ್ ಕೇಳಿ ಹೇಳಬೇಕು. ವಿಳಾಸವನ್ನೆಲ್ಲ ಬರೆಸಿಕೊಂಡು ಕಡೆಗೆ ‘ಈ ಸ್ಥಳಕ್ಕೆ ಸೇವೆಯಿಲ್ಲ’ ಎನ್ನುವುದು ಎಲೆ ಹಾಕಿಸಿ ಎಬ್ಬಿಸಿದಂತೆ.

ಎರಡನೆಯ ಬಾಧೆ ಸಂಪರ್ಕದ್ದು. ಮಳೆಗಾಲದಲ್ಲಿ ಕರೆಂಟು ಹೋದೊಡನೆ ನೆಟ್‌ವರ್ಕೂ ಹೋಗುವ ಊರುಗಳಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡನ್ನು ಬುಟ್ಟಿಗೆ ಹಾಕಿದ ಕೃಷಿಕನು ಮತ್ತೆ ತೆರೆಯುವುದು ಮರುದಿನವಾಗಬಹುದು. ಬುಟ್ಟಿ ಬರಿದಾಗಿದ್ದರೆ ಆತನು ಸುಳ್ಯದ ಅಂಗಡಿಗೇ ಹೋಗುತ್ತಾನೆ. ಆದುದರಿಂದ ಬುಟ್ಟಿಯನ್ನು ಗ್ರಾಹಕನ ಖಾತೆಯಲ್ಲಿ ಉಳಿಸತಕ್ಕದ್ದು. ಬೆಲೆ ಬದಲಾಗಿದ್ದರೆ ಅದನ್ನು ಎದುರಿಗೇ ತಿಳಿಸತಕ್ಕದ್ದು.

ಅಮೆಜಾನ್ 1999ರಲ್ಲಿ ಪೇಟೆಂಟ್ ಪಡೆದ ಒಂದೇ ಒತ್ತಿನ ಖರೀದಿಯು ನಮ್ಮಲ್ಲಿ ಹಾಗೆಯೇ ನೆಲೆಗೊಳ್ಳಲಿಲ್ಲ. ಕಾರ್ಡಿನ ಅಂತರ್ಜಾಲ ಪಾವತಿಗೆ 2009ರಲ್ಲಿ ರಿಸರ್ವ್ ಬ್ಯಾಂಕು ಎರಡನೆಯ ದೃಢೀಕರಣವನ್ನು ವಿಧಿಸಿತು. ಓಟಿಪಿಯ ಸಂದೇಶ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುವುದು ಗುಡ್ಡದ ಊರಿನವರಿಗೆ ಹೊಸ ಅನುಭವವೇನಲ್ಲ. 2016ರ ಯುಪಿಐ ದಾರಿಯನ್ನು ಸುಗಮಗೊಳಿಸಿತಾದರೂ, ಖಾತೆಯಿಂದ ಹಣ ಹೋಗಿ ಆರ್ಡರ್ ಮಾತ್ರ ಕಾಣದ ಆತಂಕ ಉಳಿದೇ ಇದೆ. ವರ್ತಕನಿಗೆ ದೃಢೀಕರಣ ತಲಪದಿದ್ದಲ್ಲಿ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ. ಬುಟ್ಟಿಯ ಪುಟವು ಇದನ್ನು ಆ ಗಳಿಗೆಯಲ್ಲಿಯೇ ಕನ್ನಡದಲ್ಲಿ ಹೇಳಿ, ವಸ್ತುಗಳನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಗ್ರಾಹಕನು ಗಾಬರಿಯಿಂದ ಎರಡನೆಯ ಬಾರಿ ಹಣ ಕಳಿಸುವುದು ತಪ್ಪುತ್ತದೆ.

ತುಂಬಿದ ಬುಟ್ಟಿಗಳಲ್ಲಿ ಹತ್ತಕ್ಕೆ ಸುಮಾರು ಏಳು ಖರೀದಿಯಾಗದೆ ಉಳಿಯುತ್ತವೆಂದು ಡೆನ್ಮಾರ್ಕಿನ ಬೇಮಾರ್ಡ್ ಸಂಸ್ಥೆಯ ಲೆಕ್ಕ; ಕಡೆಯಲ್ಲಿ ಕಾಣಿಸಿಕೊಳ್ಳುವ ಹೆಚ್ಚುವರಿ ವೆಚ್ಚವು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಭಾರತದ 2020ರ ಇ-ವಾಣಿಜ್ಯ ನಿಯಮಗಳು ಮೊದಲೇ ಗುರುತು ಹಾಕಿದ ಚೌಕಗಳನ್ನು ಒಪ್ಪಿಗೆಯೆಂದು ಎಣಿಸಬಾರದೆಂದಿವೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೆಸರಿಸಿದ 13 ವಂಚಕ ವಿನ್ಯಾಸಗಳಲ್ಲಿ, ಕೇಳದೆ ಬುಟ್ಟಿಗೆ ವಸ್ತು ಸೇರಿಸುವುದೂ, ಬೆಲೆಯನ್ನು ಹಂತಹಂತವಾಗಿ ಹೊರಗೆಡಹುವುದೂ ಇವೆ; ಗ್ರಾಹಕನ ಒಪ್ಪಿಗೆಯಿಲ್ಲದೆ ಮೊತ್ತಕ್ಕೆ ಕೂಡಿಸಿದ ದಾನದ ಹಣವೂ ಮೊದಲನೆಯದರ ಲೆಕ್ಕಕ್ಕೇ ಬರುತ್ತದೆ.